ಬೆನ್ನು ಬರೆಯುವ ವೇರಾಬಾಯಿ

ಇವತ್ತು ಬೆಳಿಗ್ಗೆ ನಮ್ಮ ಗೇಟಿಗೆ ಬಣ್ಣ ಬಳಿಯಲು ಜನ ಬಂದಿದ್ದರು. ಮಂಗಳೂರಿನ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ಅದಕ್ಕೆ ನನ್ನ ಸೋಮಾರಿತನವೂ ಸೇರಿ ಗೇಟಿನ ಕೆಳಗಿನ ಸರಳುಗಳು ಹಪ್ಪಳದ ಹಾಗೆ ಮುರಿಯುವ ಸ್ಥಿತಿಗೆ ಬಂದಿದ್ದವು. ಬಣ್ಣದವರು ಡಬ್ಬಿ ತೆರೆದು ಟರ್ಪಂಟೈನ್ ಸುರಿದರು ನೋಡಿ, ಅಡುಗೆಮನೆಯಲ್ಲಿದ್ದ ನಾನು ಸೌಟು ಅಲ್ಲೇ ಬಿಟ್ಟು ಹೊರಗೆ ಬಂದೆ. ಮೇಲ್ವಿಚಾರಣೆಗೆ ಬಂದೆನೆಂದು ಅವರು ತಿಳಿದುಕೊಂಡು ಬೆನ್ನು ಬಗ್ಗಿಸಿ ಕೆಲಸ ಶುರು ಮಾಡಿದರು. ನಿಜ ಹೇಳಬೇಕೆಂದರೆ ನನಗೆ ಬಾಯಲ್ಲಿ ನೀರೂರಿತ್ತು. ಟರ್ಪಂಟೈನ್ ವಾಸನೆಗೆ ಬಾಯಲ್ಲಿ ನೀರೂರುವ ಹೆಂಗಸು ಇಡೀ ದೇರೆಬೈಲಿನಲ್ಲಿ ನಾನೊಬ್ಬಳೇ ಇರಬೇಕು. ಡಾಕ್ಟರರ ಹತ್ತಿರ ಹೇಳುವ ಹಾಗಿಲ್ಲ, ನಿಮ್ಮ ಹತ್ತಿರ ಹೇಳಬಹುದು: ಆ ವಾಸನೆ ಬಂದರೆ ನನಗೆ ಬಿಂಬುಳಿ ಜಾಮ್ ತಿನ್ನಬೇಕೆನಿಸುತ್ತದೆ.

ಬಿಂಬುಳಿಯನ್ನು ಉಪ್ಪಿನಕಾಯಿ ಹಾಕುವವರಿದ್ದಾರೆ, ಹುಳಿಗೆಂದು ಮೀನಿನ ಸಾರಿಗೆ ಹಾಕುವವರಿದ್ದಾರೆ. ಅದರ ಜಾಮ್ ಮಾಡಿದವರನ್ನು ನಾನು ಕಂಡದ್ದು ವೇರಾಬಾಯಿ ಒಬ್ಬರನ್ನೇ. ಬ್ರೆಡ್ಡಿಗೆ ಹಚ್ಚುವ ಜಾಮಲ್ಲ ಅದು. ಪುಟ್ಟ ಬಟ್ಟಲಲ್ಲಿ ಹಾಕಿ, ಹಾಲಿಲ್ಲದ ಚಹಾದ ಜೊತೆ ಕೊಡುತ್ತಿದ್ದರು. ಒಂದು ಚಮಚ ಜಾಮ್, ಒಂದು ಗುಟುಕು ಚಹಾ. ಬಟ್ಟಲು ಇಡುತ್ತಿದ್ದದ್ದು ಅವರು ಚಿತ್ರ ಬರೆಯುವ ಮೇಜಿನ ಮೇಲೆ, ಕುಂಚ ತೊಳೆಯುವ ಟರ್ಪಂಟೈನ್ ಡಬ್ಬಿಯ ಪಕ್ಕದಲ್ಲಿ. ಯಾವ ಚಮಚ ಯಾವುದರಲ್ಲಿ ಅದ್ದಿದ್ದೆಂದು ನೋಡಿಕೊಂಡು ಬಾಯಿಗಿಡಬೇಕಿತ್ತು. ಒಂದೆರಡು ಸಲ ನೋಡದೆ ಇಟ್ಟದ್ದೂ ಉಂಟು. ಹಾಗಾಗಿ ನನ್ನ ನಾಲಿಗೆಗೆ ಅವೆರಡೂ ಈಗ ಒಂದೇ ರುಚಿ.

ವೇರಾಬಾಯಿ ನನ್ನ ಮನೆಯೊಡತಿ. ನಾನು ಕಾರ್ಕಳದ ಕಡೆಯಿಂದ ಬಂದು ಇಲ್ಲಿನ ಹೈಸ್ಕೂಲೊಂದರಲ್ಲಿ ಹೊಸದಾಗಿ ಕನ್ನಡ ಟೀಚರಾಗಿ ಸೇರಿದ್ದೆ. ಅವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ನನ್ನನ್ನು ಬಿಟ್ಟುಹೋಗಲು ಬಂದ ಅಮ್ಮ, ಸೀರೆಯನ್ನು ಪಾದಕ್ಕಿಂತ ಗೇಣು ಮೇಲೆ ಉಟ್ಟು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಾಗಿಲು ತುಂಬ ನಿಂತಿದ್ದ ಆ ಎತ್ತರದ ಬಿಳಿ ಹೆಂಗಸನ್ನು ಕಂಡು ಗಾಬರಿಯಾದರು. ರಷ್ಯಾದವರಂತೆ, ಎಂತ ತಿನ್ನುತ್ತಾರೋ ಎಂತ ಕುಡಿಯುತ್ತಾರೋ ಎಂದು ನನ್ನ ಕಿವಿಯಲ್ಲಿ ತುಳುವಿನಲ್ಲಿ ಪಿಸುಗುಟ್ಟಿದರು. ವೇರಾಬಾಯಿಗೆ ಕೊಂಕಣಿ ನೀರು ಕುಡಿದಷ್ಟು ಸಲೀಸು, ತುಳುವೂ ಅರ್ಥವಾಗುತ್ತಿತ್ತು. ಅವರು ಕನ್ನಡದಲ್ಲಿ ಉತ್ತರ ಕೊಟ್ಟರು.

"ಮೀನು ತಿನ್ನುದು, ಚಹಾ ಕುಡಿಯುದು. ನಿಮ್ಮ ಮಗಳನ್ನು ತಿನ್ನುದಿಲ್ಲಮ್ಮ, ಹೆದರ್ಬೇಡಿ."

ಅಮ್ಮ ಊರಿಗೆ ಹೋದ ಮೇಲೆ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಅವರ ಊರು ಒಡೆಸ್ಸಾ, ಕಪ್ಪು ಸಮುದ್ರದ ದಡದ ದೊಡ್ಡ ಬಂದರು, ಆಗ ಸೋವಿಯತ್ ದೇಶದಲ್ಲಿತ್ತು. ಅವರ ಗಂಡ ಲಿಗೋರಿಯವರು ಮಂಗಳೂರಿನ ಕೊಂಕಣಿ ಕ್ರೈಸ್ತರು; ಅಲ್ಲಿಗೆ ಎಂಜಿನಿಯರಿಂಗ್ ಓದಲು ಹೋದವರು, ಹಡಗಿನ ಸರಕು ಎತ್ತುವ ಕ್ರೇನುಗಳ ವಿದ್ಯೆಯನ್ನೂ ವೇರಾಬಾಯಿಯನ್ನೂ ಒಟ್ಟಿಗೆ ಕರೆದುಕೊಂಡು ಬಂದು ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕೆ ಸೇರಿದ್ದರು. ಮೆತ್ತನೆ ಮನುಷ್ಯ. ಮಾತಾಡಿದರೆ ಎಲ್ಲಿ ಯಾರಿಗೆ ನೋಯುತ್ತದೋ ಎಂದು ಹೆಚ್ಚಾಗಿ ತಲೆಯಾಡಿಸಿಯೇ ಸುಧಾರಿಸುತ್ತಿದ್ದರು.

ಇಲ್ಲಿ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ನಾನು ಆ ದೇಶದ ಮೇಲೆ ಒಳಗೊಳಗೇ ಪ್ರೀತಿ ಇಟ್ಟುಕೊಂಡವಳು. ನಾನು ಚಿಕ್ಕವಳಿದ್ದಾಗ ಅಲ್ಲಿಂದ ಮಕ್ಕಳ ಪುಸ್ತಕಗಳು ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದವು. ನುಣುಪು ಕಾಗದ, ಹಿಮ, ಕರಡಿ, ಕೆಂಪು ಕೆನ್ನೆಯ ಮಕ್ಕಳು. ಕಾರ್ಕಳದ ಸೆಕೆಯಲ್ಲಿ ಬೆವರುತ್ತ ಕೂತು ನಾನು ಹಿಮದ ಕನಸು ಕಂಡದ್ದಕ್ಕೆ ಲೆಕ್ಕವಿಲ್ಲ. ಹಾಗಾಗಿ ಮನೆಯೊಡತಿ ಅಲ್ಲಿನ ಚಿತ್ರಕಾರರು, ಅಂಥ ಪುಸ್ತಕಗಳಿಗೇ ಚಿತ್ರ ಬರೆಯುತ್ತಿದ್ದವರು ಎಂದು ತಿಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ರಜೆಯಲ್ಲಿ ಊರಿಗೆ ಹೋದವಳು ಹಳೆಯ ಪುಸ್ತಕವೊಂದನ್ನು ಹುಡುಕಿ ತಂದು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಪುಟ ತಿರುವಿದರು.

"ಇದು ನಂದಲ್ಲ ಟೀಚರ್. ಇದು ಲಾಯ್ಕ ಉಂಟು."

ನಿಜ ಹೇಳಿದರೆ ನಾನು ಬೇಸರಪಟ್ಟುಕೊಳ್ಳುತ್ತೇನೆಂದು ಅವರು ಮೊದಮೊದಲು ತಮ್ಮ ಕತೆ ಹೇಳಲಿಲ್ಲ. ಚಹಾದ ಜೊತೆ ಚಮಚ ಚಮಚವಾಗಿ ಹೊರಗೆ ಬಂತು. ಅಲ್ಲಿ ಚಿತ್ರಕಾರರಿಗೆ ಸಂಘ. ಸಂಘದಲ್ಲಿದ್ದರೆ ಬಣ್ಣ, ಕ್ಯಾನ್ವಾಸು, ಬರೆಯಲು ಕೋಣೆ, ಕೈತುಂಬ ಕೆಲಸ. ಇಲ್ಲದಿದ್ದರೆ ಅಂಗಡಿಯಲ್ಲಿ ಒಳ್ಳೆಯ ಬಣ್ಣ ಕೂಡ ಹುಟ್ಟುವುದಿಲ್ಲ. ಕಲಾಶಾಲೆ ಮುಗಿಸಿದ ವೇರಾಬಾಯಿಗೆ ಮೊದಲು ಸಿಕ್ಕಿದ ಕೆಲಸ, ಮೇ ದಿನದ ಮೆರವಣಿಗೆಗೆ ನಾಯಕರ ಮುಖ ಬರೆಯುವುದು. ಮನೆಯಷ್ಟು ಎತ್ತರದ ಮುಖ. ಒಬ್ಬರು ಕಣ್ಣು, ಒಬ್ಬರು ಹಣೆ, ಅನುಭವಸ್ಥರು ಮೂಗು. ಹೊಸಬರಾದ ಇವರ ಪಾಲಿಗೆ ಬಂದದ್ದು ಕಿವಿ.

"ಎಡ ಕಿವಿ ಮಾತ್ರ. ಬಲ ಕಿವಿ ನನಗಿಂತ ಸೀನಿಯರ್ ಒಬ್ಬರು ಬರೀತಿದ್ದರು" ಎಂದು ಅವರು ಗಂಭೀರವಾಗಿ ಹೇಳಿದರು.

ಆಮೇಲೆ ಮಕ್ಕಳ ಪುಸ್ತಕಗಳು. ಅವನ್ನು ಅವರು ಪ್ರೀತಿಯಿಂದಲೇ ಮಾಡಿದರು. ಆದರೆ ತಮಗೆಂದು ಬರೆದುಕೊಳ್ಳುತ್ತಿದ್ದ ಚಿತ್ರಗಳೇ ಬೇರೆ, ಮತ್ತು ಅವುಗಳಲ್ಲಿ ಸರಕಾರಕ್ಕೆ ವಿರುದ್ಧವಾದದ್ದು ಒಂದು ಗೆರೆಯೂ ಇರಲಿಲ್ಲ. ಅವರು ಬೆನ್ನುಗಳನ್ನು ಬರೆಯುತ್ತಿದ್ದರು, ಅಷ್ಟೇ. ಬ್ರೆಡ್ಡಿನ ಕ್ಯೂನಲ್ಲಿ ನಿಂತವರ ಬೆನ್ನು, ಟ್ರಾಮಿಗೆ ಕಾಯುವವರ ಬೆನ್ನು, ಸಮುದ್ರ ನೋಡುತ್ತ ನಿಂತ ಮುದುಕನ ಬೆನ್ನು. ಯಾಕೆ ಬೆನ್ನು ಎಂದು ನಾನೂ ಕೇಳಿದೆ. ಯಾರು ಕೇಳುವುದಿಲ್ಲ?

"ಮುಖಕ್ಕೆ ನಮ್ಮಲ್ಲಿ ಎಲ್ಲರೂ ಪಾಠ ಕಲಿಸಿದ್ದರು ಟೀಚರ್. ಎಲ್ಲಿ ನಗಬೇಕು, ಎಲ್ಲಿ ಗಟ್ಟಿ ಇರಬೇಕು. ಬೆನ್ನಿಗೆ ಕಲಿಸ್ಲಿಕ್ಕೆ ಮರೆತಿದ್ದರು. ಪಾಪ, ಅದು ಇದ್ದ ಹಾಗೆ ಇರ್ತದೆ."

ಯಾವ ಚಿತ್ರವೇ ಆಗಲಿ, ಹೊರಗೆ ಹೋಗುವ ಮೊದಲು ಸಂಘದ ಮಂಡಳಿಯ ಮುಂದೆ ಹೋಗಬೇಕು. ಮಂಡಳಿಯೆಂದರೆ ಉದ್ದದ ಮೇಜಿನ ಹಿಂದೆ ಕೂತ ಹಿರಿಯರು. ಅವರು ಕೆಟ್ಟವರಲ್ಲ, ಆದರೆ ಏನಾದರೊಂದು ತಿದ್ದದೆ ಏಳುವವರೂ ಅಲ್ಲ. ತಿದ್ದದಿದ್ದರೆ ಅವರನ್ನು ಅಲ್ಲಿ ಕೂರಿಸಿದ್ದಾದರೂ ಯಾಕೆ? ಇದನ್ನು ಅರಿತ ವೇರಾಬಾಯಿ ಮತ್ತು ಅವರ ಗೆಳೆಯರು ಒಂದು ಉಪಾಯ ಕಂಡುಕೊಂಡಿದ್ದರು. ಚಿತ್ರದಲ್ಲಿ ಕಣ್ಣಿಗೆ ಹೊಡೆಯುವ ಹಾಗೆ, ಸಂಬಂಧವೇ ಇಲ್ಲದ ಒಂದು ಪ್ರಾಣಿಯನ್ನು ತಂದು ನಿಲ್ಲಿಸುವುದು. ವೇರಾಬಾಯಿಯ ಪ್ರಾಣಿ ಆಡು. ಟ್ರಾಕ್ಟರಿನ ಸೀಟಿನಲ್ಲಿ ಆಡು, ಶಾಲೆಯ ಮಾಡಿನ ಮೇಲೆ ಆಡು. ಮಂಡಳಿ ಆಡಿನ ಮೇಲೆ ಬೀಳುತ್ತಿತ್ತು. ಇವರು ಕಣ್ಣಲ್ಲಿ ನೀರು ತಂದುಕೊಂಡು ಆಡಿನ ಪರ ವಾದಿಸಿ, ಕೊನೆಗೆ ಸೋತು, ಆಡನ್ನು ಅಳಿಸುತ್ತಿದ್ದರು. ಗೆದ್ದ ಸಂತೋಷದಲ್ಲಿ ಮಂಡಳಿ ಉಳಿದದ್ದನ್ನು ನೋಡದೆ ಸಹಿ ಹಾಕುತ್ತಿತ್ತು. ಹಾಗೆ ಮಕ್ಕಳ ಪುಸ್ತಕದ ಮೂಲೆಗಳಲ್ಲಿ ಅವರ ಎಷ್ಟೋ ಬೆನ್ನುಗಳು ದಾಟಿಹೋದವು.

ಒಮ್ಮೆ ಧೈರ್ಯ ಮಾಡಿ ಪ್ರದರ್ಶನಕ್ಕೆಂದು ದೊಡ್ಡ ಚಿತ್ರವನ್ನೇ ಕೊಟ್ಟರು. ತುಂಬ ಜನ, ಎಲ್ಲರದೂ ಬೆನ್ನು, ನಡುವೆ ಒಂದು ಆಡು. ಆಡು ಹೋಯಿತು. ಸಹಿ ಹಾಕಲು ಪೆನ್ನು ಎತ್ತಿದ ಅಧ್ಯಕ್ಷರು ಇನ್ನೊಮ್ಮೆ ನೋಡಿ, "ಈ ಜನ ಯಾರಿಗೆ ಬೆನ್ನು ಹಾಕಿ ನಿಂತಿದ್ದಾರೆ?" ಎಂದು ಕೇಳಿದರು. ಅವರನ್ನೆಲ್ಲ ತಿರುಗಿಸು ಎಂದರು. ಇವರು ತಿರುಗಿಸಲಿಲ್ಲ. ಸಂಘದಿಂದ ಹೆಸರು ಹೋಯಿತು, ಕೋಣೆ ಹೋಯಿತು. ಬೊಂಬೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಎಂದರೆ, ಬೊಂಬೆಗಳಿಗೆ ಮುಖ ಬರೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಖ. ಇದನ್ನು ಹೇಳುವಾಗ ವೇರಾಬಾಯಿ ಎಷ್ಟು ನಕ್ಕರೆಂದರೆ ಚಹಾ ಚೆಲ್ಲಿತು.

ಸಂಘದಿಂದ ಹೊರಬಿದ್ದವರೆಲ್ಲ ಆಗ ಮನೆಯಲ್ಲೇ ಪ್ರದರ್ಶನ ಇಡುತ್ತಿದ್ದರಂತೆ. ಯಾರದ್ದಾದರೂ ಫ್ಲಾಟಿನ ಗೋಡೆಯಿಂದ ಕನ್ನಡಿ, ಕ್ಯಾಲೆಂಡರ್ ಇಳಿಸಿ ಚಿತ್ರ ತೂಗುಹಾಕುವುದು, ಚಹಾಕ್ಕೆ ನೀರಿಡುವುದು, ಬಾಗಿಲು ಚಿಲಕ ಹಾಕದೆ ಬಿಡುವುದು. ಪ್ರಚಾರ ಇಲ್ಲ, ಆಮಂತ್ರಣ ಇಲ್ಲ; ತಿಳಿದವರು ಬಂದರು. ತಿಳಿಯಬಾರದವರಿಗೂ ತಿಳಿದು ಒಮ್ಮೆ ಪೋಲೀಸರೂ ಬಂದರು, ಚಳಿಗೆ ಎರಡೆರಡು ಲೋಟ ಚಹಾ ಕುಡಿದು ಎಚ್ಚರಿಕೆ ಕೊಟ್ಟು ಹೋದರು. ಇನ್ನೊಮ್ಮೆ ಬಂದವರು ಲಿಗೋರಿ. ಚಿತ್ರಕ್ಕಾಗಿ ಅಲ್ಲ, ಮನೆ ಬೆಚ್ಚಗಿರುತ್ತದೆಂದು ಸಹಪಾಠಿಯೊಬ್ಬ ಕರೆತಂದಿದ್ದ. ಬೆನ್ನುಗಳ ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲವಂತೆ. ಏನು ನೋಡುತ್ತಿದ್ದೀರಿ ಎಂದು ವೇರಾಬಾಯಿ ಕೇಳಿದರು. ನಮ್ಮ ಊರಿನ ಬಂದರಿನಲ್ಲಿ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗೆ ಜನ ಹೀಗೆಯೇ ಕಾಯುತ್ತಾರೆ ಎಂದರಂತೆ ಆ ಮಾತಾಡದ ಮನುಷ್ಯ. ಯಾರಿಗೆ ಬೆನ್ನು ಹಾಕಿದ್ದಾರೆ ಎಂದು ಕೇಳದೆ ಎತ್ತ ನೋಡುತ್ತಿದ್ದಾರೆ ಎಂದು ನೋಡಿದ ಮೊದಲ ಮನುಷ್ಯ ಇವರೇ ಎಂದು ವೇರಾಬಾಯಿ ಮದುವೆಯಾದರು.

ತಮ್ಮ ದೇಶವನ್ನು ಅವರು ಬಯ್ದದ್ದು ನಾನು ಕೇಳಿಲ್ಲ. ನಾನು ಆ ಮಂಡಳಿಯನ್ನು ಬಯ್ದರೆ, "ಹಾಗೆ ಹೇಳ್ಬಾರದು. ನಾನು ಬಡವರ ಮಗಳು, ನನಗೆ ಚಿತ್ರ ಕಲಿಸಿದ್ದು ಅವರೇ ಅಲ್ವ?" ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಕಲಿಸಿ, ಕೈ ಹಿಡಿದುಕೊಂಡರು" ಎಂದು ಸೇರಿಸುತ್ತಿದ್ದರು.

ಇಲ್ಲಿಗೆ ಬಂದ ಮೇಲೆ ಕೈ ಹಿಡಿಯುವವರು ಯಾರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಕ್ರಿಸ್‌ಮಸ್ಸಿನ ಗೋದಲಿಗೆ ಹಿಂದಿನ ಪರದೆ ಬೇಕೆಂದರೆ, ಶಾಲೆಯ ನಾಟಕಕ್ಕೆ ಕಾಡು ಬೇಕೆಂದರೆ ವೇರಾಬಾಯಿ. ಅದು ಬಿಟ್ಟರೆ ತಮ್ಮ ಪಾಡಿಗೆ ಬರೆದು ಕಪಾಟಿನಲ್ಲಿಡುವುದು. ರಜೆಯ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿಕೊಂಡು ಬಸ್ಸಿನಲ್ಲಿ ಬಂದರಿಗೆ ಹೋಗುತ್ತಿದ್ದರು. ಮೀನಿನ ಹರಾಜಿಗೆ ಸುತ್ತುಗಟ್ಟಿ ನಿಂತ ಹೆಂಗಸರ ಹಿಂದೆ ಕಟ್ಟೆಯ ಮೇಲೆ ಕೂತು ಗೀಚುವುದು. ಪಕ್ಕದಲ್ಲಿ ನಾನು, ಮೂಗಿಗೆ ಕರ್ಚೀಫು. ಒಬ್ಬಾಕೆ ಬುಟ್ಟಿ ಇಳಿಸಿ ಬಗ್ಗಿ ನೋಡಿ, "ಎಂತ ಬಾಯಮ್ಮ, ಮುಖ ಇಷ್ಟು ಚೆಂದ ಉಂಟು, ನೀವು ಬೆನ್ನು ಬರೀತೀರಿ!" ಎಂದು ನೊಂದುಕೊಂಡಳು. ವೇರಾಬಾಯಿ ಅವಳ ಬೆನ್ನಿನ ಚಿತ್ರವನ್ನು ಹರಿದು ಅವಳಿಗೇ ಕೊಟ್ಟರು. ಅವಳು ಅದನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ನಮಗೆ ಎರಡು ಬಂಗುಡೆ ಕೊಟ್ಟಳು. ಅವರ ಕಲೆಗೆ ಸಿಕ್ಕಿದ ಸನ್ಮಾನ ಅದೊಂದೇ ಎಂದು ಮನೆಗೆ ಬಂದು ಲಿಗೋರಿಯವರಿಗೆ ಹೇಳಿ ನಕ್ಕರು. ನಕ್ಕರೂ, ಅವರ ಆಸೆ ನನಗೆ ಗೊತ್ತಿತ್ತು. ಒಂದೇ ಒಂದು ಚಿತ್ರ, ಯಾರೂ ತಿದ್ದದಂಥದ್ದು, ನಾಲ್ಕು ಜನ ಬಂದುಹೋಗುವ ಗೋಡೆಯ ಮೇಲೆ ಇರಬೇಕು. ಅಷ್ಟು ವರ್ಷದ ಬಾಳಿನಲ್ಲಿ ಅದು ಆಗಿರಲಿಲ್ಲ.

ಹಾಗಿರುವಾಗ ನಮ್ಮ ವಠಾರದ ಇಗರ್ಜಿಗೆ ಹೊಸ ಹಾಲ್ ಕಟ್ಟಿಸಿದರು. ಅದರ ಎದುರು ಗೋಡೆಗೆ ದೊಡ್ಡ ಚಿತ್ರ ಆಗಬೇಕೆಂದು ಸಮಿತಿ ತೀರ್ಮಾನಿಸಿ ವೇರಾಬಾಯಿಯನ್ನು ಕೇಳಿತು. ಸಮಿತಿಯ ಅಧ್ಯಕ್ಷರು ಲೋಬೊ ಮಾಸ್ಟ್ರು, ರಿಟೈರಾದ ಗಣಿತದ ಹೆಡ್‌ಮಾಸ್ಟರ್. ದೇರೆಬೈಲಿನಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದ ಗಂಡಸು ಕಡಿಮೆ. ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಅವರು ರಸ್ತೆಯಲ್ಲಿ ಬೀಸುನಡಿಗೆ ಹಾಕಿದರೆ ಸೈಕಲಿನವರೂ ದಾರಿ ಬಿಡಬೇಕು. ಹಿಂದಿನ ವರ್ಷವಷ್ಟೇ ಅವರ ಹೆಂಡತಿ ಸೆಲಿನ್‌ಬಾಯಿ ತೀರಿಹೋಗಿದ್ದರು. ಆಮೇಲೂ ಮಾಸ್ಟ್ರ ನಡಿಗೆ ನಿಧಾನವಾಗಿರಲಿಲ್ಲ.

ವೇರಾಬಾಯಿ ಆರಿಸಿಕೊಂಡದ್ದು, ಏಸುಸ್ವಾಮಿ ದೋಣಿಯಲ್ಲಿ ಕೂತು ದಡದ ಮೇಲಿನ ಜನರಿಗೆ ಬೋಧಿಸುವ ದೃಶ್ಯ. ದೋಣಿ ದೂರದಲ್ಲಿ, ಸ್ವಾಮಿ ಬೆರಳಿನಷ್ಟು. ಮುಂದೆಲ್ಲ ದಡ, ದಡದ ತುಂಬ ಜನ, ಜನರದ್ದೆಲ್ಲ ಬೆನ್ನು. ನಮ್ಮ ಬಂದರಿನಲ್ಲಿ ದೋಣಿ ಕಟ್ಟುವ ದಕ್ಕೆ, ನಮ್ಮವರ ಸೀರೆ, ನಮ್ಮವರ ಲುಂಗಿ. ಮನೆಯಲ್ಲೇ ದೊಡ್ಡ ಕ್ಯಾನ್ವಾಸಿನ ಮೇಲೆ ತಿಂಗಳುಗಟ್ಟಲೆ ಬರೆದರು. ನಾನು ಶಾಲೆಯಿಂದ ಬಂದವಳು ಬಟ್ಟಲು ಹಿಡಿದು ನೋಡುತ್ತ ಕೂರುತ್ತಿದ್ದೆ. ಎಲ್ಲ ಮುಗಿದ ಮೇಲೆ ಒಂದು ದಿನ ನೋಡುತ್ತೇನೆ, ದಕ್ಕೆಯ ನಡುವೆ ಮೀನಿನ ಬುಟ್ಟಿಯ ಮೇಲೆ ನಾಲ್ಕೂ ಕಾಲು ಊರಿ ಒಂದು ಆಡು ನಿಂತಿದೆ. ಒಬ್ಬನ ಅಂಗಿಯ ಅಂಚನ್ನು ಅಗಿಯುತ್ತಿದೆ.

"ಇದೆಂತ ಬಾಯಿ, ಇಲ್ಲಿ ಕೂಡ?"

"ಸಮಿತಿ ಅಂದರೆ ಸಮಿತಿ ಟೀಚರ್. ಲೋಬೊ ಮಾಸ್ಟ್ರು ಆಡು ತೆಗೀರಿ ಹೇಳ್ತಾರೆ, ನಾನು ಸ್ವಲ್ಪ ಜಗಳ ಮಾಡಿ ತೆಗೀತೇನೆ. ಬೆನ್ನು ಉಳೀತದೆ" ಎಂದು ಅವರು ಕಣ್ಣು ಮಿಟುಕಿಸಿದರು.

ಸಮಿತಿ ಬಂತು. ಫಾದರ್, ಮಾಸ್ಟ್ರು, ಇನ್ನೂ ಕೆಲವರು. ಬರಿಗೈಯಲ್ಲಿ ಬಂದವರಲ್ಲ, ಅವರ ಮನೆಗಳಿಂದ ಕೇಕು, ಚಕ್ಕುಲಿಯೂ ಬಂದಿದ್ದವು. ಚಿತ್ರದ ಮುಂದೆ ನಿಂತರು. ಮೊದಲು ಬಾಯಿಬಿಟ್ಟವರು ಫಾದರ್.

"ಓಹ್, ಆಡು! ಭಾರೀ ಲಾಯ್ಕ ಬಂದಿದೆ ಮಾರಾಯ್ರೆ!"

ಆಡು ಎಲ್ಲರಿಗೂ ಹಿಡಿಸಿತು. ಅದರ ಗಡ್ಡ ಹಿಡಿಸಿತು, ಅದು ಅಂಗಿ ಅಗಿಯುವುದು ಹಿಡಿಸಿತು. ಮಕ್ಕಳಿಗೆ ಖುಷಿಯಾಗುತ್ತದೆ ಎಂದರು. ವೇರಾಬಾಯಿ ಜಗಳಕ್ಕೆಂದು ಸಿದ್ಧಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. "ಆಡು ಅಲ್ಲಿ ಸರಿ ಇಲ್ಲ ಅಲ್ವ?" ಎಂದು ಅವರೇ ಕೇಳಿನೋಡಿದರು. "ಛೆ ಛೆ, ಇರ್ಲಿ ಬಾಯಿ" ಎಂದರು ಎಲ್ಲರೂ. ಮಾಸ್ಟ್ರು ಕೊಡೆಯ ತುದಿಯಿಂದ ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಳಿಯಲ್ಲಿ ಗೆರೆ ಎಳೆದರು.

"ಎಲ್ಲ ಲಾಯ್ಕ ಉಂಟು. ಆದರೆ ಇವರನ್ನು ಸ್ವಲ್ಪ ತಿರುಗಿಸ್ಬೇಕು ಬಾಯಿ. ಎಲ್ಲರನ್ನು ಬೇಡ, ಎದುರಿನ ಸಾಲಿನವರನ್ನು ಮಾತ್ರ. ನಮ್ಮ ಹಾಲಿನಲ್ಲಿ ಮದುವೆ ಊಟ ಆಗ್ತದೆ. ಬಂದವರಿಗೆ ಬೆನ್ನು ತೋರಿಸಿದರೆ ಅದು ಮರ್ಯಾದೆ ಅಲ್ಲ. ನಮ್ಮ ಜನರ ಮುಖ ಕಾಣ್ಬೇಕು. ನೀವು ನಮ್ಮವರು, ಅದಕ್ಕೆ ಹೇಳಿದ್ದು. ಬೇಜಾರು ಮಾಡ್ಬೇಡಿ ಆಯ್ತಾ?"

ಅವರು ಹೋದ ಮೇಲೆ ವೇರಾಬಾಯಿ ಕೇಕಿನ ತಟ್ಟೆಯ ಮುಂದೆ ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಲ್ಲಿ ಸುಲಭ ಇತ್ತು ಟೀಚರ್. ಅವರು ಮೇಜಿನ ಆಚೆ, ನಾನು ಈಚೆ. ಇಲ್ಲಿ ನೋಡಿ, ಕೇಕು ತರ್ತಾರೆ, ನಮ್ಮವರು ಹೇಳ್ತಾರೆ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರು. ಇವರ ಹತ್ತಿರ ಹೇಗೆ ಜಗಳ ಮಾಡುದು?"

ಸಲಹೆಗಳಿಗೇನೂ ಕೊರತೆಯಾಗಲಿಲ್ಲ. ಲಿಗೋರಿಯವರು ಬಹಳ ಯೋಚಿಸಿ, ನಾಲ್ಕೈದು ಜನರನ್ನು ತಿರುಗಿಸಿದರೆ ದೋಣಿಯಲ್ಲಿರುವ ಸ್ವಾಮಿಯೇನೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದರು. ನಾನು ಅದಕ್ಕಿಂತ ಬುದ್ಧಿವಂತಳು; ಪೂರ್ತಿ ಮುಖ ಬೇಡ, ಒಂದು ಪಕ್ಕದಿಂದ ಮೂಗು ಮಾತ್ರ ಕಾಣಲಿ ಎಂದೆ. ವೇರಾಬಾಯಿ ನನ್ನನ್ನು ನೋಡಿದ ರೀತಿಗೆ ನಾನು ಮಹಡಿ ಹತ್ತಿ ಹೋಗಿ ಉತ್ತರಪತ್ರಿಕೆ ತಿದ್ದಲು ಕೂತೆ. ಅಲ್ಲಿ ನಾನು ತಿದ್ದಿದರೆ ಕೇಳುವವರಿಲ್ಲ.

ಕೆಲವು ದಿನ ಅವರು ಕುಂಚ ಮುಟ್ಟಲಿಲ್ಲ. ಆಮೇಲೊಂದು ಭಾನುವಾರ ಪೂಜೆ ಮುಗಿಸಿ ಬಂದವರು ಮನೆಯ ಚಾವಡಿಯ ಗೋಡೆಯಿಂದ ಕ್ಯಾಲೆಂಡರ್, ಮದುವೆಯ ಫೋಟೊ ಎಲ್ಲ ಇಳಿಸತೊಡಗಿದರು. ಲಿಗೋರಿಯವರೂ ನಾನೂ ಸೇರಿ ಚಿತ್ರವನ್ನು ಎತ್ತಿ ನಿಲ್ಲಿಸಿದೆವು. ಅವರು ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟರು, ಇದ್ದಬದ್ದ ಬಟ್ಟಲುಗಳಿಗೆಲ್ಲ ಬಿಂಬುಳಿ ಜಾಮ್ ತುಂಬಿದರು, ಬಾಗಿಲನ್ನು ಹಾರುಹೊಡೆದು ಬಿಟ್ಟರು. ಯಾರನ್ನೂ ಕರೆಯಲಿಲ್ಲ. "ನಾಳೆ ಸಮಿತಿಗೆ, ತಿರುಗಿಸ್ಲಿಕ್ಕೆ ಆಗುದಿಲ್ಲ ಹೇಳ್ತೇನೆ. ಅದಕ್ಕಿಂತ ಮುಂಚೆ ಒಂದು ದಿನ ಆದರೂ ಇದನ್ನು ಜನ ನೋಡ್ಲಿ" ಎಂದರು.

ಬಾಗಿಲು ತೆರೆದಿಟ್ಟು ಚಹಾದ ಪಾತ್ರೆ ಇಟ್ಟ ಮನೆಗೆ ಮಂಗಳೂರಿನಲ್ಲಿ ಜನ ಬರುವುದಿಲ್ಲವೇ? ಮೊದಲು ಪಕ್ಕದ ಮನೆಯ ಹೆಂಗಸರು ಬಂದರು. ಜಾಮಿಗೆ ಮುಖ ಕಿವುಚಿದರು, ಇನ್ನೊಂದು ಚಮಚ ಹಾಕಿಸಿಕೊಂಡರು. ಚಿತ್ರದ ಮುಂದೆ ನಿಂತವರಲ್ಲಿ ಒಬ್ಬರು ತಟ್ಟನೆ, "ಅಯ್ಯೋ, ಇದು ನಮ್ಮ ಬೆನೆಡಿಕ್ಟ! ಕಾಲರ್ ನೋಡಿ, ಒಂದು ಬದಿ ಮೇಲೆ!" ಎಂದು ಕೂಗಿದರು. ಅಲ್ಲಿಂದ ಶುರುವಾಯಿತು. ಇದು ನರ್ಸ್ ಮೇಬಲ್ಲಿನ ಜಡೆ, ಇದು ಬೇಕರಿಯವರ ಬೊಕ್ಕತಲೆ, ಇದು ದುಬೈಯಿಂದ ಬಂದವನ ಹೊಸ ಬೆಲ್ಟು. ಒಬ್ಬರನ್ನೊಬ್ಬರು ಕೂಗಿ ಕರೆದರು. ನನಗೆ ಆಶ್ಚರ್ಯವೋ ಆಶ್ಚರ್ಯ. ಇಗರ್ಜಿಯಲ್ಲಿ ಪ್ರತಿ ಭಾನುವಾರ ಅವರವರ ಬೆಂಚಿನಲ್ಲೇ ಕೂತು, ಎದುರಿನವರ ಬೆನ್ನನ್ನು ವರ್ಷಗಟ್ಟಲೆ ನೋಡಿದವರು ಇವರು. ವೇರಾಬಾಯಿಯೂ ಹಾಗೆಯೇ. ಬಂದ ಹೊಸತರಲ್ಲಿ ಫಾದರ್ ಮಾಡುವ ಕೊಂಕಣಿ ಪ್ರಸಂಗ ಒಂದಕ್ಷರ ತಿಳಿಯದೆ, ಕೊನೆಯ ಬೆಂಚಿನಲ್ಲಿ ಕೂತು ಬೆನ್ನುಗಳನ್ನೇ ಓದುತ್ತಿದ್ದರಂತೆ. ಮುಖ ಬೇಕೆಂದು ಹೇಳಿದ ಸಮಿತಿಯವರೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆಯವರನ್ನು ಹುಡುಕತೊಡಗಿದರು.

ಸಂಜೆಯ ಹೊತ್ತಿಗೆ ಲೋಬೊ ಮಾಸ್ಟ್ರು ಬಂದರು. ಮಾತು ತಗ್ಗಿತು. ಅವರು ಚಿತ್ರವನ್ನು ಎಡದಿಂದ ಬಲಕ್ಕೆ ಲೆಕ್ಕ ತಪಾಸಣೆ ಮಾಡುವ ಹಾಗೆ ನೋಡುತ್ತ ಬಂದರು. ಯಾರೋ ಮೆಲ್ಲಗೆ, "ಮಾಸ್ಟ್ರೆ, ಅಲ್ಲಿ, ಕೊಡೆಯವನ ಹಿಂದೆ. ಸೆಲಿನ್‌ಬಾಯಿ ಅಲ್ವ?" ಎಂದರು.

ಬೂದುಬಣ್ಣದ ಸೀರೆ. ಎಡ ಹೆಗಲು ಸ್ವಲ್ಪ ತಗ್ಗು, ಚೀಲ ಹೊತ್ತು ಹೊತ್ತು ಆದ ತಗ್ಗು. ತುರುಬಿನಲ್ಲಿ ಅಬ್ಬಲಿಗೆಯ ದಂಡೆ ಒಂದು ಬದಿಗೆ ಜಾರಿದೆ. ಮಾಸ್ಟ್ರು ಹತ್ತಿರ ಹೋದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ವೇರಾಬಾಯಿಯ ಕಡೆ ತಿರುಗದೆಯೇ ಹೇಳಿದರು.

"ನನಗೆ ಗುರ್ತ ಸಿಗಲಿಲ್ಲ ಬಾಯಿ. ಇಗರ್ಜಿಯಲ್ಲಿ ಹೆಂಗಸರ ಬದಿ ಬೇರೆ. ದಾರಿಯಲ್ಲಿ ನಾನು ಯಾವಾಗಲೂ ಮುಂದೆ ಹೋಗ್ತಿದ್ದೆ, ಅವಳು ಹಿಂದೆ ಬರ್ತಿದ್ದಳು. ನಾನು ಅವಳನ್ನು ಹಿಂದಿನಿಂದ ನೋಡಿದ್ದೇ ಇಲ್ಲ."

ವೇರಾಬಾಯಿ ಅವರಿಗೊಂದು ಕುರ್ಚಿ ತಂದು ಚಿತ್ರದ ಮುಂದೆ ಇಟ್ಟರು. ಮಾಸ್ಟ್ರು ಕೂತರು. "ಮುಖದ ಫೋಟೊ ನಮ್ಮ ಮನೆಯಲ್ಲಿ ಉಂಟು. ತಿರುಗಿಸ್ಬೇಡಿ" ಎಂದರು.

ಮರುದಿನದ ಸಮಿತಿಯಲ್ಲಿ ಚಿತ್ರ ಇದ್ದ ಹಾಗೆ ಹಾಲಿಗೆ ಹೋಗಲಿ ಎಂದಾಯಿತು. ಆದರೆ ಅಧ್ಯಕ್ಷರಾಗಿ ಮಾಸ್ಟ್ರು ಒಂದು ತಿದ್ದುಪಡಿ ಮಾಡಿಸದೆ ಬಿಡಲಿಲ್ಲ. "ಆ ಆಡು ಮಾತ್ರ ತೆಗೀಬೇಕು. ಸಮಿತಿ ಇಷ್ಟು ಸಲ ಕೂತದ್ದಕ್ಕೆ ಎಂತಾದರೂ ಬೇಡವಾ?" ವೇರಾಬಾಯಿ ಆಡಿನ ಪರ ತುಂಬ ಹೊತ್ತು ಜಗಳ ಮಾಡಿದರಂತೆ. ಈ ಸಲ ನಿಜವಾಗಿ ಮಾಡಿದರೆಂದು ಫಾದರ್ ಹೇಳಿದರು. ಕೊನೆಗೆ ಒಪ್ಪಿ, ಆಡಿನ ಮೇಲೆ ಕಲ್ಲಿನ ಬಣ್ಣ ಬಳಿದರು. ನಮ್ಮ ಮಳೆಗಾಲಗಳ ತೇವ ಆ ಬಣ್ಣವನ್ನು ತೆಳುಮಾಡಿ ಈಗ ಒಂದು ಕೊಂಬೂ ಅರ್ಧ ಗಡ್ಡವೂ ಹೊರಗೆ ಬಂದಿವೆ. ಮದುವೆಗೆ ಬಂದ ಮಕ್ಕಳು ಅದನ್ನು ಹುಡುಕುವ ಆಟ ಆಡುತ್ತಾರೆ.

ಆ ದೇಶ ಒಡೆದುಹೋಗಿ ಎಷ್ಟೋ ವರ್ಷಗಳ ಮೇಲೆ ಒಡೆಸ್ಸಾದಿಂದ ಮ್ಯೂಸಿಯಂನವರೊಬ್ಬರು ವೇರಾಬಾಯಿಯನ್ನು ಹುಡುಕಿಕೊಂಡು ಬಂದರು. ಅಂದು ಸಂಘಕ್ಕೆ ಬೇಡವಾದವರ ಚಿತ್ರಗಳೇ ಈಗ ಅಲ್ಲಿ ಮರ್ಯಾದೆಯ ಜಾಗದಲ್ಲಿವೆಯಂತೆ. ಇವರ ಹಳೆಯ ಒಂದೆರಡು ಬೆನ್ನುಗಳೂ ಸಿಕ್ಕಿವೆಯಂತೆ. ಹಾಲಿನ ಚಿತ್ರವನ್ನೂ ಕೊಡಿ ಎಂದು ಬಂದಾಕೆ ಕೇಳಿದರು. ಹೊಸ ಸಮಿತಿ ಕೂತು, ಕೇಕು ಕೊಟ್ಟು ಸತ್ಕರಿಸಿ, ಆಗುವುದಿಲ್ಲ ಎಂದಿತು. "ಅದರಲ್ಲಿ ನಮ್ಮ ಅಮ್ಮ ಇದ್ದಾರೆ, ಹೇಗೆ ಕೊಡುದು?" ಎಂದು ಒಬ್ಬರು ಕೇಳಿದರಂತೆ. ತಮ್ಮ ಚಿತ್ರವನ್ನು ಯಾರೋ ಕೊಡುವುದಿಲ್ಲವೆಂದದ್ದನ್ನು ಕೇಳಿ ವೇರಾಬಾಯಿ ಪಟ್ಟ ಸಂತೋಷ ಇಷ್ಟಿಷ್ಟಲ್ಲ.

ಅವರು ಹೋದ ವರ್ಷ ತೀರಿಕೊಂಡರು. ಇವತ್ತು ಸಂಜೆ ಅವರ ವರ್ಷದ ಪೂಜೆ ಇತ್ತು, ಆಮೇಲೆ ಹಾಲಿನಲ್ಲಿ ಚಹಾ. ನಾನು ತಡವಾಗಿ ನೇರ ಹಾಲಿಗೇ ಹೋದೆ. ತಡವಾಗಿ ಹೋದಾಗಲೆಲ್ಲ ಬಾಗಿಲಲ್ಲೇ ಯಾರದ್ದಾದರೂ ಹೆಸರು ಕೂಗಿ, ಕೈ ಬೀಸಿ, ನಾನು ಬಂದೆನೆಂದು ಎಲ್ಲರಿಗೂ ತಿಳಿಸಿಯೇ ಒಳಗೆ ಹೋಗುವುದು ನನ್ನ ಅಭ್ಯಾಸ. ಇವತ್ತೂ ಬಾಯಿ ತೆರೆದವಳು ಹಾಗೆಯೇ ನಿಂತೆ. ಬಂದವರೆಲ್ಲ ಚಿತ್ರದ ಎದುರು ಗುಂಪಾಗಿ ನಿಂತಿದ್ದರು, ಫಾದರ್ ವೇರಾಬಾಯಿಗಾಗಿ ಪ್ರಾರ್ಥನೆ ಹೇಳುತ್ತಿದ್ದರು. ನನಗೆ ಕಂಡದ್ದು ಬೆನ್ನುಗಳು ಮಾತ್ರ. ಎದುರಲ್ಲಿ ಜೀವಂತ ಜನರ ಬೆನ್ನು, ಅವರ ಆಚೆ ಚಿತ್ರದವರ ಬೆನ್ನು, ಎಲ್ಲಕ್ಕಿಂತ ಆಚೆ ಆ ಪುಟ್ಟ ದೋಣಿ. ಇವರೆಲ್ಲಿ ಮುಗಿದು ಅವರೆಲ್ಲಿ ಶುರುವಾಗುತ್ತಾರೆಂದು ಹೇಳುವುದು ಕಷ್ಟವಾಗಿತ್ತು. ಗೋಡೆಗೆ ಹತ್ತಿರ, ಕೋಟಿನೊಳಗೆ ಕುಗ್ಗಿದ ಲಿಗೋರಿಯವರು ಒಂದು ಕೈಯಿಂದ ಕುರ್ಚಿ ಹಿಡಿದು ನಿಂತಿದ್ದರು. ಮುಖ ನೋಡದೆಯೇ ನಾನು ಅಲ್ಲಿದ್ದವರನ್ನೆಲ್ಲ ಗುರುತಿಸಿದೆ. ಯಾರು ಅಳುತ್ತಿದ್ದಾರೆ, ಯಾರಿಗೆ ಕಾಲು ನೋಯುತ್ತಿದೆ ಎನ್ನುವುದೂ ತಿಳಿಯುತ್ತಿತ್ತು.

ವೇರಾಬಾಯಿ ತಮ್ಮನ್ನು ಆ ಚಿತ್ರದಲ್ಲಿ ಬರೆದುಕೊಂಡಿರಲಿಲ್ಲ. ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ. ಅವರು ನಿಂತಿದ್ದದ್ದು ಇಲ್ಲಿ, ನಾನು ನಿಂತ ಈ ಜಾಗದಲ್ಲಿ, ಎಲ್ಲರ ಹಿಂದೆ. ಇಲ್ಲಿಂದ ನೋಡಿದರೆ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತದೆ. ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಒಬ್ಬರು ತಿರುಗಿದರೆ ಸಾಕು, "ಬನ್ನಿ ಟೀಚರ್, ಯಾಕೆ ಅಲ್ಲೇ ನಿಂತದ್ದು?" ಎಂದು ಕರೆಯುತ್ತಾರೆ, ನಾನು ಹೋಗಿ ಚಹಾ ಕುಡಿಯುತ್ತೇನೆ. ಸ್ವಲ್ಪ ಹೊತ್ತು ಯಾರೂ ತಿರುಗದಿರಲಿ ಎಂದುಕೊಂಡೆ.